ಹಸುವಿನ ಇಂಜೆಕ್ಷನ್, ಬೆಟ್ಟದ ರಣಹದ್ದು



ಭಾರತೀನಗರದ ಸುತ್ತಮುತ್ತ ಚಿಕಿತ್ಸೆಗೆ ಬಂದಾಗ ನಿಮ್ಮಲ್ಲಿ ಹಲವರು ಕೇಳುವ ಮಾತು ಒಂದೇ: "ಡಾಕ್ಟ್ರೇ, ಬೇಗ ಎದ್ದು ಮೇವು ತಿನ್ನೋ ಹಂಗೆ ಒಂದು ಇಂಜೆಕ್ಷನ್ ಕೊಡಿ." ಹಸು ಒಂದು ಹೊತ್ತು ಮೇವು ಬಿಟ್ಟರೂ ಹಾಲು ಇಳಿಯುತ್ತದೆ, ಬಟವಾಡೆ ಕಡಿಮೆಯಾಗುತ್ತದೆ. ನಿಮ್ಮ ಆತುರ ನನಗೆ ಅರ್ಥವಾಗುತ್ತದೆ. ಆದರೆ ಆ ಇಂಜೆಕ್ಷನ್ ಯಾವುದು ಎಂದು ಎಂದಾದರೂ ಕೇಳಿದ್ದೀರಾ?

ಜೀವವೈವಿಧ್ಯ ಎಂಬ ಮಾತನ್ನು ಮಕ್ಕಳ ಪಾಠದಲ್ಲಿ ಕೇಳಿರುತ್ತೀರಿ. ಗಿಡ, ಹುಳ, ಹಕ್ಕಿ, ದನ, ಮನುಷ್ಯ ಹೀಗೆ ಹಲವು ಬಗೆಯ ಜೀವಗಳು ಒಂದನ್ನೊಂದು ನೆಚ್ಚಿ ಬಾಳುವುದೇ ಜೀವವೈವಿಧ್ಯ. ಒಂದು ಜೀವ ಇಲ್ಲವಾದರೆ ಅದು ಮಾಡುತ್ತಿದ್ದ ಕೆಲಸವೂ ನಿಲ್ಲುತ್ತದೆ.

ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ. ಊರಾಚೆ ಸತ್ತ ದನ ಬಿದ್ದರೆ ರಣಹದ್ದುಗಳು ಇಳಿದು ಕೆಲವೇ ಗಂಟೆಗಳಲ್ಲಿ ಮೂಳೆ ಮಾತ್ರ ಉಳಿಸುತ್ತಿದ್ದವು. ಕೊಳೆತ ಮಾಂಸದ ರೋಗಾಣುಗಳನ್ನೂ ಅರಗಿಸಿಕೊಳ್ಳುವ ಶಕ್ತಿ ಅವುಗಳ ಹೊಟ್ಟೆಗಿದೆ. 1990ರ ನಂತರ ಅವು ದೇಶದೆಲ್ಲೆಡೆ ಸಾಯತೊಡಗಿದವು. ಕೆಲವು ಜಾತಿಗಳಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಹೋದವು. ಕಾರಣ ತಿಳಿದದ್ದು 2004ರಲ್ಲಿ: ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್. ಆ ಔಷಧ ಪಡೆದು ಸತ್ತ ದನವನ್ನು ತಿಂದ ಹದ್ದಿನ ಮೂತ್ರಪಿಂಡ ಕೆಡುತ್ತದೆ, ಕೆಲವೇ ದಿನಗಳಲ್ಲಿ ಅದು ಸಾಯುತ್ತದೆ. ಹದ್ದು ಕಡಿಮೆಯಾದಂತೆ ಹೆಣ ಬಿದ್ದಲ್ಲೇ ಕೊಳೆಯಿತು, ಬೀದಿನಾಯಿ ಹೆಚ್ಚಿದವು, ಅದರೊಂದಿಗೆ ರೇಬಿಸ್ ಭಯವೂ ಹೆಚ್ಚಿತು.

ನಾವು ಮದ್ದೂರಿನಿಂದ ಬೆಂಗಳೂರಿಗೆ ಹೋಗುವ ದಾರಿಯಲ್ಲೇ, ರಾಮನಗರದ ರಾಮದೇವರ ಬೆಟ್ಟದಲ್ಲಿ, ಉದ್ದ ಕೊಕ್ಕಿನ ರಣಹದ್ದುಗಳು ಬೆರಳೆಣಿಕೆಯಷ್ಟು ಉಳಿದಿವೆ. 2012ರಲ್ಲಿ ಸರ್ಕಾರ ಅದನ್ನು ರಣಹದ್ದು ಧಾಮವೆಂದು ಘೋಷಿಸಿತು. ಆದರೆ ಹದ್ದಿಗೆ ಧಾಮದ ಗಡಿ ತಿಳಿಯದು. ಆಹಾರ ಹುಡುಕಿ ದಿನಕ್ಕೆ ಹತ್ತಾರು ಕಿಲೋಮೀಟರ್ ಹಾರುತ್ತದೆ. ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಒಂದು ಹದ್ದು ಸತ್ತರೂ ಆ ನಷ್ಟ ತುಂಬಲು ವರ್ಷಗಳೇ ಬೇಕು.

ನೀವು ಮಾಡಬಹುದಾದದ್ದು ಇಷ್ಟು:

• ಜ್ವರ, ಬಾವು, ಕುಂಟುವಿಕೆಗೆ ಇಂಜೆಕ್ಷನ್ ಕೊಡುವಾಗ ಹೆಸರು ಕೇಳಿ, ಬರೆದಿಡಿ. ದನಗಳಿಗೆ ಡೈಕ್ಲೋಫೆನಾಕ್ 2006ರಿಂದಲೂ, ಕೀಟೊಪ್ರೊಫೆನ್ ಮತ್ತು ಅಸಿಕ್ಲೋಫೆನಾಕ್ 2023ರಿಂದಲೂ ನಿಷೇಧವಾಗಿವೆ. ಮೆಲಾಕ್ಸಿಕಾಮ್ ನೋವನ್ನೂ ಇಳಿಸುತ್ತದೆ, ಹದ್ದಿಗೂ ಅಪಾಯವಿಲ್ಲ.

• ಮನುಷ್ಯರ ನೋವಿನ ಔಷಧವನ್ನು ಮೆಡಿಕಲ್ ಶಾಪಿನಿಂದ ತಂದು ದನಕ್ಕೆ ಕೊಡಬೇಡಿ, ಕೊಡಿಸಬೇಡಿ.

• ಚಿಕಿತ್ಸೆಯಲ್ಲಿದ್ದ ದನ ಸತ್ತರೆ ಹಳ್ಳಕ್ಕೋ ನಾಲೆ ಬದಿಗೋ ಎಸೆಯದೆ ಆಳವಾದ ಗುಂಡಿ ತೋಡಿ, ಸುಣ್ಣ ಹಾಕಿ ಹೂಳಿ.

• ದನ ಹಠಾತ್ತನೆ ಸತ್ತರೆ ನೆರಡಿ ರೋಗವೂ ಇರಬಹುದು. ಹೆಣವನ್ನು ಕೊಯ್ಯಬೇಡಿ, ಮೊದಲು ಪಶು ಆಸ್ಪತ್ರೆಗೆ ತಿಳಿಸಿ.

ಮುಂದಿನ ಸಲ ನಾನೇ ಸಿರಿಂಜ್ ಹಿಡಿದು ನಿಮ್ಮ ಕೊಟ್ಟಿಗೆಗೆ ಬಂದರೂ ಸರಿ, "ಇದು ಯಾವ ಔಷಧ?" ಎಂದು ಕೇಳಿ. ಬೇಸರ ಮಾಡಿಕೊಳ್ಳುವುದಿಲ್ಲ, ಬಾಟಲಿಯನ್ನೇ ನಿಮ್ಮ ಕೈಗೆ ಕೊಡುತ್ತೇನೆ.

– ನಿಮ್ಮ ಪಶುವೈದ್ಯಾಧಿಕಾರಿ