ಸುಳ್ಳು ಹೆಸರು, ನಿಜವಾದ ವಿಳಾಸ

ಹೆಣ್ಣುಡುಗೆಯನ್ನು ಇಷ್ಟಪಟ್ಟು ಯಾರ ಕಣ್ಣಿಗೂ ಬೀಳದಂತೆ ತೊಟ್ಟುಕೊಳ್ಳುವ ಗಂಡಸರು, ಅಂದರೆ ಇಂದಿನ ಬಳಕೆಯಲ್ಲಿ ಕ್ರಾಸ್‌ಡ್ರೆಸರ್ ಎನಿಸಿಕೊಳ್ಳುವವರು, ಆನ್‌ಲೈನ್‌ನಲ್ಲಿ ಬಟ್ಟೆ ತರಿಸುವಾಗ ನೆಚ್ಚಿಕೊಳ್ಳುವ ನಂಬಿಕೆಗಳಲ್ಲಿ ಅತಿ ಗಟ್ಟಿಯಾದುದೂ ಅತಿ ಕೆಲಸಕ್ಕೆ ಬಾರದುದೂ ಒಂದೇ ಆಗಿದೆ: ಪಾರ್ಸೆಲ್ ಮೇಲೆ ಇಲ್ಲದ ಹೆಣ್ಣೊಬ್ಬಳ ಹೆಸರು ಹಾಕಿದರೆ ಗುಟ್ಟು ಉಳಿಯುತ್ತದೆ ಎಂಬುದು. ಬೆಂಗಳೂರಿನ ನೂರಾರು ಮನೆಗಳ ವಸತಿ ಸಮುಚ್ಚಯದಲ್ಲಿ, ಕಾವಲುಗಾರನ ಮೇಜಿನ ಮೇಲೆ ಬೆಳಗಿನಿಂದ ಸಂಜೆಯವರೆಗೆ ಪಾರ್ಸೆಲ್‌ಗಳ ರಾಶಿ ಬೀಳುವಲ್ಲಿ, ಈ ಉಪಾಯ ಹೇಗೋ ನಡೆದೀತು. ಕೊಡಗಿನಲ್ಲಿ ಅದು ತಿರುಗುಬಾಣವಾಗುತ್ತದೆ. ಆದರೂ ಜಿಲ್ಲೆಯ ಐದೂ ತಾಲ್ಲೂಕುಗಳಲ್ಲಿ ಈ ಸಲಹೆಯನ್ನು ಕೊಡುವವರೂ ಪಾಲಿಸುವವರೂ ಇದ್ದಾರೆ ಎಂಬುದು, ಸ್ವಂತ ಊರಿನಲ್ಲಿ ಪತ್ರ ಹೇಗೆ ತಲುಪುತ್ತದೆ ಎಂಬುದನ್ನು ಜನ ಎಷ್ಟು ಕಡಿಮೆ ಗಮನಿಸುತ್ತಾರೆ ಎಂಬುದಕ್ಕೆ ಸಾಕ್ಷಿಯಾಗಿದೆ.

ಮಡಿಕೇರಿ, ವಿರಾಜಪೇಟೆ, ಕುಶಾಲನಗರಗಳ ಪೇಟೆಬೀದಿಗಳನ್ನು ಬಿಟ್ಟರೆ ಕೊಡಗಿನ ಮನೆಗಳು ಕಾಫಿ ತೋಟಗಳ ನಡುವೆ, ಗದ್ದೆಬಯಲಿನ ಅಂಚಿನಲ್ಲಿ, ಒಂದರಿಂದ ಒಂದು ದೂರ ಚದುರಿಕೊಂಡಿವೆ. ಪಂಚಾಯಿತಿಯ ಕಂದಾಯ ರಸೀದಿಯಲ್ಲಿ ಮನೆಗೊಂದು ಸಂಖ್ಯೆ ಇರುತ್ತದಾದರೂ ದಾರಿ ಹುಡುಕುವವನಿಗೆ ಅದರಿಂದ ಕವಡೆಯಷ್ಟೂ ಪ್ರಯೋಜನವಿಲ್ಲ. ಇಲ್ಲಿ ವಿಳಾಸವೆಂದರೆ ವ್ಯಕ್ತಿಯ ಹೆಸರು, ಮನೆತನದ ಹೆಸರು, ಗ್ರಾಮ, ಅಂಚೆ, ಮತ್ತು ಗೋಣಿಕೊಪ್ಪದ 571213, ಸೋಮವಾರಪೇಟೆಯ 571236ರಂಥ ಪಿನ್‌ಕೋಡ್. ಇವುಗಳಲ್ಲಿ ಪಾರ್ಸೆಲ್ಲನ್ನು ಬಾಗಿಲಿಗೆ ಮುಟ್ಟಿಸುವುದು ಮನೆತನದ ಹೆಸರೇ. ಕೊಡವರಲ್ಲಿ ಒಕ್ಕ ಎಂದು ಕರೆಯುವ, ಒಬ್ಬ ಮೂಲಪುರುಷನಿಂದ ತಂದೆಯ ಕಡೆಯಲ್ಲಿ ಇಳಿದುಬಂದ ಕುಲದ ಹೆಸರು ವ್ಯಕ್ತಿಯ ಹೆಸರಿಗಿಂತ ಮೊದಲು ನಿಲ್ಲುತ್ತದೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಪೂರ್ಣ ಹೆಸರು ಕೊಡಂದೇರ ಮಾದಪ್ಪ ಕಾರ್ಯಪ್ಪ ಎಂದಿರುವುದು ಈ ಕ್ರಮದಿಂದಲೇ. ಮದುವೆಯಾಗಿ ಬಂದ ಹೆಣ್ಣು ಗಂಡನ ಒಕ್ಕಕ್ಕೆ ಸೇರುವುದರಿಂದ, ಯಾವ ಒಕ್ಕದಲ್ಲಿ ಯಾವ ಹೆಸರಿನ ಹೆಣ್ಣುಮಕ್ಕಳಿದ್ದಾರೆ, ಯಾರು ಎಲ್ಲಿಗೆ ಮದುವೆಯಾಗಿ ಹೋದರು, ಯಾರು ಎಲ್ಲಿಂದ ಬಂದರು ಎಂಬ ಲೆಕ್ಕ ಊರಿನ ಪ್ರತಿಯೊಬ್ಬ ಹಿರಿಯರ ನಾಲಗೆಯ ತುದಿಯಲ್ಲಿರುತ್ತದೆ.

ಇಂಥಲ್ಲಿಗೆ ಕಲ್ಪಿತ ಹೆಣ್ಣು ಹೆಸರೊಂದು ಬಂದಿಳಿದರೆ ಏನಾಗುತ್ತದೆ ಎಂಬುದನ್ನು ಊಹಿಸುವುದು ಕಷ್ಟವಲ್ಲ. ಅದಕ್ಕೆ ಮನೆತನದ ಹೆಸರನ್ನು ಜೋಡಿಸಿದ್ದರೆ, ಆ ಮನೆಗೆ ಸದ್ದಿಲ್ಲದೆ ಸೊಸೆ ಬಂದದ್ದು ಯಾವಾಗ ಎಂಬ ಪ್ರಶ್ನೆ ಏಳುತ್ತದೆ; ಜೋಡಿಸದಿದ್ದರೆ, ಊರಿನಲ್ಲೇ ಇಲ್ಲದ ಈ ಹೆಂಗಸು ಯಾರು ಎಂಬ ಪ್ರಶ್ನೆ ಏಳುತ್ತದೆ. ಡೆಲಿವರಿ ಹುಡುಗನಿಗೆ ಇದರಲ್ಲಿ ಯಾವ ಕುತೂಹಲವೂ ಇರುವುದಿಲ್ಲ, ಅವನಿಗೆ ಸಂಜೆಯೊಳಗೆ ಚೀಲ ಖಾಲಿಯಾಗಬೇಕಷ್ಟೆ, ಆದರೆ ಫೋನ್ ಸಿಗದಿದ್ದಾಗ ಅವನು ಗಾಡಿ ನಿಲ್ಲಿಸುವುದು ಬಸ್ ನಿಲ್ದಾಣದ ಬಳಿಯ ಅಂಗಡಿಯ ಮುಂದೆ, ಮತ್ತು “ಈ ಹೆಸರಿನವರು ಯಾರ ಮನೆಯಲ್ಲಿದ್ದಾರೆ ಅಣ್ಣ?” ಎಂದು ಅವನು ಕೇಳುವುದು ಅಂಗಡಿಯವನನ್ನು ಮಾತ್ರವಾದರೂ ಉತ್ತರ ಕೊಡಲು ಅಲ್ಲಿ ಕಾಫಿ ಕುಡಿಯುತ್ತಿರುವವರೆಲ್ಲ ಸಿದ್ಧರಿರುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ವಿದ್ಯುತ್ ಹೋಗಿ, ಅದರ ಬೆನ್ನಿಗೇ ಮೊಬೈಲ್ ಗೋಪುರವೂ ಸುಮ್ಮನಾಗುವ ಊರುಗಳಲ್ಲಿ ಫೋನ್ ಸಿಗದಿರುವುದು ಅಪರೂಪದ ಸಂಗತಿಯೇನಲ್ಲ. ತೋಟದ ಲೈನ್‌ಮನೆಗಳಲ್ಲಿ, ಅಂದರೆ ಕಾರ್ಮಿಕರಿಗಾಗಿ ಸಾಲಾಗಿ ಕಟ್ಟಿದ ವಸತಿಗಳಲ್ಲಿ, ಇರುವವನ ಪಾಡು ಇನ್ನೂ ಬಿಗಿಯಾದುದು. ಅಲ್ಲಿಗೆ ಬರುವ ಪಾರ್ಸೆಲ್ ಅನೇಕ ಕಡೆ ತೋಟದ ಆಫೀಸಿನಲ್ಲಿ, ಹಾಜರಿ ಬರೆಯುವ ರೈಟರ್‌ನ ಕೈಗೆ ಬೀಳುತ್ತದೆ, ಮತ್ತು ಹಾಜರಿ ಪುಸ್ತಕದಲ್ಲಿ ಇಲ್ಲದ ಹೆಸರನ್ನು ರೈಟರ್ ಸುಮ್ಮನೆ ಬಿಡುವುದಿಲ್ಲ.

ಅಂಚೆಯಲ್ಲಿ ತರಿಸಿದರೂ ಇದೇ ಕಥೆ. ಶಾಖಾ ಅಂಚೆ ಕಚೇರಿಯ ಗ್ರಾಮೀಣ ಡಾಕ್ ಸೇವಕರು ಬಹುಪಾಲು ಅದೇ ಸುತ್ತಿನ ಊರಿನವರಾಗಿದ್ದು, ವಿಳಾಸದಾರನ ಅಜ್ಜನ ಹೆಸರನ್ನೂ ಬಲ್ಲವರಾಗಿರುತ್ತಾರೆ. ರಿಜಿಸ್ಟರ್ಡ್ ಸೇವೆಯನ್ನು ಸ್ಪೀಡ್ ಪೋಸ್ಟ್‌ನೊಳಗೆ ವಿಲೀನಗೊಳಿಸಿದ ಮೇಲೆ, 2025ರ ಅಕ್ಟೋಬರ್‌ನಿಂದ, ಕಳುಹಿಸುವವನು ಹೆಚ್ಚುವರಿ ಶುಲ್ಕ ಕೊಟ್ಟರೆ ವಿಳಾಸದಾರನಿಗೇ ಅಥವಾ ಆತ ಅಧಿಕಾರ ಕೊಟ್ಟವನಿಗೇ ಒಪ್ಪಿಸುವ ಏರ್ಪಾಡೂ, ಒಟಿಪಿ ಸರಿಹೊಂದಿದ ಮೇಲಷ್ಟೇ ಒಪ್ಪಿಸುವ ಏರ್ಪಾಡೂ ಇವೆ. ಇಲ್ಲದ ವ್ಯಕ್ತಿಯ ಹೆಸರಿಗೆ ಬಂದ ಇಂಥ ಪಾರ್ಸೆಲ್ಲನ್ನು ಯಾರು ಸಹಿ ಹಾಕಿ ಪಡೆಯಬೇಕು ಎಂಬುದನ್ನು ಉಪಾಯ ಹೇಳಿಕೊಟ್ಟವರು ಯೋಚಿಸಿದಂತಿಲ್ಲ. ವಿಳಾಸದಾರರು ಪತ್ತೆಯಿಲ್ಲ ಎಂಬ ಷರಾ ಹೊತ್ತು ಅದು ಹಿಂದಿರುಗುತ್ತದೆ, ಹಿಂದಿರುಗುವ ಮೊದಲು ನಾಲ್ಕು ಮನೆಯಲ್ಲಿ ವಿಚಾರಣೆಯಾಗಿರುತ್ತದೆ.

ಹಾಗಾದರೆ ಸತ್ಯವೇನು? ಗಂಡಸು ತನ್ನ ಸ್ವಂತ ಹೆಸರಿನಲ್ಲಿ ಹೆಣ್ಣುಡುಗೆ ತರಿಸುವುದರಷ್ಟು ಸಾಮಾನ್ಯವಾದ, ಯಾರೂ ತಿರುಗಿ ನೋಡದ ಸಂಗತಿ ಮತ್ತೊಂದಿಲ್ಲ. ತಾಯಿಗೆ ಸ್ಮಾರ್ಟ್‌ಫೋನ್ ಬರುವುದಿಲ್ಲ, ಹೆಂಡತಿಯ ಖಾತೆಯಲ್ಲಿ ಹಣವಿಲ್ಲ, ತಂಗಿ ಮೈಸೂರಿನ ಹಾಸ್ಟೆಲ್‌ನಲ್ಲಿದ್ದಾಳೆ ಎಂಬ ಕಾರಣಗಳಿಗೆ ಪ್ರತಿದಿನ ಈ ನಾಡಿನ ಗಂಡಸರು ಚೂಡಿದಾರ, ನೈಟಿ, ಲೆಗ್ಗಿಂಗ್ಸ್‌ಗಳನ್ನು ತಮ್ಮ ಹೆಸರಿಗೆ ತರಿಸುತ್ತಲೇ ಇದ್ದಾರೆ. ಪೊಟ್ಟಣದ ಹೊರಗೆ ಒಳಗಿನ ವಸ್ತುವಿನ ಹೆಸರು ಇರುವುದೇ ಇಲ್ಲ ಎಂಬ ನಂಬಿಕೆಯೂ ತಪ್ಪೇ: ಕೇಂದ್ರ ಜಿಎಸ್‌ಟಿ ನಿಯಮಗಳ 46ನೇ ನಿಯಮದಂತೆ ಬಿಲ್ಲಿನಲ್ಲಿ ಸರಕಿನ ವಿವರಣೆ ಇರಲೇಬೇಕು, ಮತ್ತು ಅನೇಕ ಮಾರಾಟ ತಾಣಗಳ ಪೊಟ್ಟಣಗಳಲ್ಲಿ ವಿಳಾಸದ ಚೀಟಿಯ ಕೆಳಭಾಗದಲ್ಲೇ ಈ ಬಿಲ್ಲು ಅಚ್ಚಾಗಿ, ಬಟ್ಟೆಯ ಬಗೆ, ಬಣ್ಣ, ಅಳತೆಗಳ ಸಮೇತ ಪ್ಲಾಸ್ಟಿಕ್ ಚೀಲದ ಮೇಲೆ ಅಂಟಿಕೊಂಡು ಬರುತ್ತದೆ. ಆದರೆ ಅದನ್ನು ಓದಿದವನಿಗೆ ತಿಳಿಯುವುದು ಇಷ್ಟೇ, ಈ ಮನೆಗೆ ಒಂದು ಕುರ್ತಿ ಬಂದಿದೆ. ಅದನ್ನು ಯಾರು ತೊಡುತ್ತಾರೆ ಎಂಬುದನ್ನು ಕೇಳುವ ಅಂಕಣ ಯಾವ ಬಿಲ್ಲಿನಲ್ಲೂ ಇಲ್ಲ. ಸರಕುಗಳ ವರ್ಗೀಕರಣ ಸಂಕೇತಗಳಲ್ಲಿ ಗಂಡಸರ ಸೂಟು ಪ್ಯಾಂಟುಗಳಿಗೆ 6203, ಹೆಂಗಸರ ಸೂಟು ಸ್ಕರ್ಟುಗಳಿಗೆ 6204 ಎಂಬ ಬೇಲಿ ಇದೆಯಾದರೂ, ಸೀರೆಯನ್ನು ಆ ಶಾಸ್ತ್ರ ಉಡುಪೆಂದೇ ಗಣಿಸದೆ ರೇಷ್ಮೆ, ಹತ್ತಿ ಎಂಬ ನೂಲಿನ ಜಾತಿಗೆ ಅನುಸಾರವಾಗಿ ನೇಯ್ದ ಬಟ್ಟೆಗಳ ಅಧ್ಯಾಯಗಳಲ್ಲಿ ಇರಿಸುತ್ತದೆ; ತೆರಿಗೆ ಇಲಾಖೆಯ ಕಣ್ಣಿನಲ್ಲಿ ಸೀರೆಗೆ ಹೆಣ್ಣು ಗಂಡೆಂಬ ಭೇದವಿಲ್ಲ ಎಂಬುದು ಒಂದು ತಮಾಷೆಯ ಸಂಗತಿ.

ಗುಟ್ಟು ಸೋರುವ ಜಾಗಗಳು ಬೇರೆಯೇ ಇವೆ, ಮತ್ತು ಸುಳ್ಳು ಹೆಸರಿನ ಆಲೋಚನೆಯಲ್ಲಿ ಮುಳುಗಿದವರು ಅವುಗಳನ್ನು ಗಮನಿಸುವುದಿಲ್ಲ. ಇಡೀ ಮನೆಗೆ ಒಂದೇ ಖಾತೆ ಇದ್ದು, ಅದೇ ಆ್ಯಪ್ ತಂದೆಯ ಫೋನಿನಲ್ಲೂ ತಂಗಿಯ ಫೋನಿನಲ್ಲೂ ತೆರೆದಿರುವಾಗ, ಆರ್ಡರ್‌ಗಳ ಪಟ್ಟಿ ಎಲ್ಲರಿಗೂ ಕಾಣುವುದಲ್ಲದೆ ಮುಂದಿನ ಹಲವು ದಿನ ಅದೇ ಬಗೆಯ ಬಟ್ಟೆಗಳ ಜಾಹೀರಾತು ಎಲ್ಲರ ಮುಂದೆ ತೂಗಾಡುತ್ತದೆ. ಬ್ಯಾಂಕಿನ ಸಂದೇಶದಲ್ಲಿ ಮಾರಾಟ ತಾಣದ ಅಥವಾ ಹಣ ಪಡೆದ ಸಂಸ್ಥೆಯ ಹೆಸರು ಬರುತ್ತದೆಯೇ ಹೊರತು ಲಂಗದ ಹೆಸರಲ್ಲ, ಹೀಗಾಗಿ ಅದಕ್ಕೆ ಹೆದರುವುದು ವ್ಯರ್ಥ. ಅದಕ್ಕೆ ಹೆದರಿ ಪಾರ್ಸೆಲ್ ಬಂದಾಗ ಹಣ ಕೊಡುವ ಕ್ರಮವನ್ನು ಆಯ್ದುಕೊಳ್ಳುವುದಂತೂ ಕೇಡು, ಏಕೆಂದರೆ ಆಗ ಮನೆಯಲ್ಲಿದ್ದ ಯಾರೋ ಒಬ್ಬರು ತಮ್ಮ ಜೇಬಿನಿಂದ ಹಣ ಎಣಿಸಿ ಕೊಡಬೇಕಾಗುತ್ತದೆ, ಹಣ ಕೊಟ್ಟವರು ಪೊಟ್ಟಣವನ್ನು ಬಿಚ್ಚಿ ನೋಡುವುದು ತಮ್ಮ ಹಕ್ಕೆಂದೇ ಭಾವಿಸುತ್ತಾರೆ. ಇವೆಲ್ಲಕ್ಕಿಂತ ದೊಡ್ಡ ತೂತು ಹಿಂದಿರುಗಿಸುವ ಹೊತ್ತಿನದು. ಅಳತೆ ತಪ್ಪಿದ ಬಟ್ಟೆಯನ್ನು ಒಯ್ಯಲು ಬಂದ ಹುಡುಗ ಅದನ್ನು ಹೊರತೆಗೆದು, ಬಣ್ಣ, ಚೀಟಿ, ಕಲೆಗಳನ್ನು ತನ್ನ ಫೋನಿನ ಚಿತ್ರದೊಂದಿಗೆ ತಾಳೆ ನೋಡುವುದು ಸಾಮಾನ್ಯ ಪದ್ಧತಿಯಾಗಿದ್ದು, ಈ ಪರೀಕ್ಷೆ ನಡೆಯುವುದು ಅಂಗಳದಲ್ಲಿ, ಹಗಲು ಬೆಳಕಿನಲ್ಲಿ. ಆದ್ದರಿಂದ ಹೆಣ್ಣುಡುಗೆಯ ಅಳತೆಪಟ್ಟಿಯಲ್ಲಿ ಎಕ್ಸ್‌ಎಲ್, ಡಬಲ್ ಎಕ್ಸ್‌ಎಲ್ ಎಂಬ ಅಕ್ಷರಗಳನ್ನು ನಂಬದೆ, ಎದೆ, ಸೊಂಟ, ಮುಖ್ಯವಾಗಿ ಭುಜದ ಅಗಲವನ್ನು ಟೇಪಿನಲ್ಲಿ ಅಳೆದು ಅಂಗುಲಗಳ ಲೆಕ್ಕದಲ್ಲಿ ಹೋಲಿಸಿ ತರಿಸುವವನ ಗುಟ್ಟು, ಹತ್ತು ಸುಳ್ಳು ಹೆಸರುಗಳನ್ನು ಇಟ್ಟುಕೊಂಡವನ ಗುಟ್ಟಿಗಿಂತ ಭದ್ರವಾಗಿರುತ್ತದೆ. ಒಳ ಉಡುಪುಗಳನ್ನು ಬಹುತೇಕ ತಾಣಗಳು ಹಿಂದಕ್ಕೆ ಪಡೆಯುವುದೇ ಇಲ್ಲ ಎಂಬುದನ್ನು ಇಲ್ಲಿ ಸಮಾಧಾನದ ಸಂಗತಿ ಎನ್ನಬೇಕೋ ನಷ್ಟದ ಸಂಗತಿ ಎನ್ನಬೇಕೋ, ಅವರವರಿಗೆ ಬಿಟ್ಟದ್ದು. ಮನೆಗೆ ಬರುವುದೇ ಬೇಡವೆನ್ನುವವರು ಪೇಟೆಯ ಕೊರಿಯರ್ ಕಚೇರಿಗೆ ಫೋನ್ ಮಾಡಿ, ಅಲ್ಲಿಯೇ ಇರಲಿ, ಸಂತೆಗೆ ಬಂದಾಗ ಒಯ್ಯುತ್ತೇನೆ ಎಂದರೆ ಸಾಕು. ದಾರಿ ದೂರವಾದ ತೋಟದವರೆಲ್ಲ ಹಾಗೆಯೇ ಮಾಡುವುದರಿಂದ ಅದರಲ್ಲಿ ವಿಶೇಷವೇನೂ ಕಾಣುವುದಿಲ್ಲ.

ವಿದೇಶದ ಅಂಗಡಿಗಳು ಗುಟ್ಟನ್ನು ಹೆಚ್ಚು ಕಾಪಾಡುತ್ತವೆ ಎಂಬ ಇನ್ನೊಂದು ನಂಬಿಕೆ ಪೂರ್ತಿ ತಲೆಕೆಳಗಾದುದು, ಏಕೆಂದರೆ ಹೊರದೇಶದಿಂದ ಅಂಚೆಯಲ್ಲಿ ಬರುವ ಪಾರ್ಸೆಲ್ ಮೇಲೆ ಸಿಎನ್ 22 ಅಥವಾ ಸಿಎನ್ 23 ಎಂಬ ಸುಂಕದ ಘೋಷಣಾ ಚೀಟಿ ಇದ್ದು ಒಳಗೇನಿದೆ ಎಂಬುದನ್ನು ಅದರಲ್ಲಿ ಬರೆಯಬೇಕಾಗುತ್ತದೆ, ಕೊರಿಯರ್‌ನಲ್ಲಿ ಬಂದರೆ ಪಡೆಯುವವನ ಗುರುತಿನ ದಾಖಲೆಯನ್ನೂ ಕೇಳುತ್ತಾರೆ. ಅಂಚೆಯವರು ಬೇಕೆಂದಾಗ ಬಿಚ್ಚಿ ನೋಡುತ್ತಾರೆ ಎಂಬುದೂ ಸುಳ್ಳು. 1898ರ ಕಾಯಿದೆಯ ಜಾಗದಲ್ಲಿ 2024ರ ಜೂನ್ 18ರಿಂದ ಜಾರಿಗೆ ಬಂದ 2023ರ ಅಂಚೆ ಕಚೇರಿ ಕಾಯಿದೆ ತಡೆಹಿಡಿದು ಪರೀಕ್ಷಿಸುವ ಅಧಿಕಾರವನ್ನು ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ ಮೊದಲಾದ ಕಾರಣಗಳಿಗೆ, ಸರ್ಕಾರ ಅಧಿಕಾರ ಕೊಟ್ಟ ಅಧಿಕಾರಿಗೆ ನೀಡಿದೆಯೇ ಹೊರತು ಊರಿನ ಅಂಚೆಯಣ್ಣನ ಕುತೂಹಲಕ್ಕಲ್ಲ. ಪಾರ್ಸೆಲ್ಲಿನ ಆಚೆಯ ನಂಬಿಕೆಗಳಲ್ಲಿ, ಹೆಣ್ಣುಡುಗೆ ತೊಡುವವರೆಲ್ಲ ಸಲಿಂಗಕಾಮಿಗಳು ಎಂಬ ಗೊಂದಲವನ್ನು ಬರ್ಲಿನ್ನಿನ ವೈದ್ಯ ಮ್ಯಾಗ್ನಸ್ ಹಿರ್ಶ್‌ಫೆಲ್ಡ್ 1910ರಷ್ಟು ಹಿಂದೆಯೇ ಒಂದು ದಪ್ಪ ಗ್ರಂಥ ಬರೆದು ಬಿಡಿಸಲು ಯತ್ನಿಸಿದ್ದನು.

ಹಾಗೆ ಉಡುವುದೇ ಅಪರಾಧ, ಪೊಲೀಸರಿಗೆ ತಿಳಿದರೆ ಜೈಲು ಎಂಬ ಭಯ ಮಾತ್ರ ಒಂದು ವಾಕ್ಯದಲ್ಲಿ ಮುಗಿಯುವಂಥದ್ದಲ್ಲ, ಅದರ ಬೇರು ಒಂದು ನಿಜವಾದ ಕಾನೂನಿನಲ್ಲಿದೆ. ಬ್ರಿಟಿಷರ 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯ ಎರಡನೆಯ ಭಾಗ, ನಪುಂಸಕರೆಂದು ಸರ್ಕಾರ ದಾಖಲಿಸಿಕೊಂಡವರು ಸಾರ್ವಜನಿಕ ಬೀದಿಯಲ್ಲಿ ಹೆಂಗಸರಂತೆ ಉಟ್ಟು ತೊಟ್ಟು ಕಾಣಿಸಿಕೊಂಡರೆ ಎರಡು ವರ್ಷದವರೆಗೆ ಸೆರೆವಾಸ ಎಂದಿತ್ತು. ಆ ಕಾಯಿದೆ ಮೊದಲು ಜಾರಿಯಾದದ್ದು ಉತ್ತರದ ಪ್ರಾಂತಗಳಲ್ಲಿ, ಕೊಡಗಿನಲ್ಲಲ್ಲ; ಅಪರಾಧಿ ಬುಡಕಟ್ಟುಗಳ ಕಾಯಿದೆಯೇ 1952ರಲ್ಲಿ ಕೊನೆಗೊಂಡಿತು. ಕರ್ನಾಟಕ ಪೊಲೀಸ್ ಕಾಯಿದೆಗೆ ಬಹಳ ಕಾಲದ ನಂತರ ಸೇರಿಸಿದ 36ಎ ಎಂಬ ಪ್ರಕರಣ ಅದೇ ಹಳೆಯ ವಾಸನೆಯನ್ನು ಹೊತ್ತು ಬಂದು, ಆಕ್ಷೇಪಕ್ಕೆ ಗುರಿಯಾಗಿ, ನ್ಯಾಯಾಲಯದ ಮೆಟ್ಟಿಲೇರಿ, ಮುಂದೆ ತಿದ್ದುಪಡಿಗೊಂಡಿತು. ಇಂದು ಗಂಡಸು ಸೀರೆ ಉಡುವುದನ್ನು ಅಪರಾಧವೆನ್ನುವ ಯಾವ ಕಾಯಿದೆಯೂ ಭಾರತದಲ್ಲಿ ಇಲ್ಲ. 2014ರ ಏಪ್ರಿಲ್ 15ರ ನಾಲ್ಸಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಉಡುಗೆಯ ಮೂಲಕ ತನ್ನನ್ನು ತಾನು ತೋರಿಕೊಳ್ಳುವುದು ಸಂವಿಧಾನದ 19ನೇ ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯದೊಳಗೆ ಬರುತ್ತದೆ ಎಂದಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರೇ ಆಗಿದ್ದರು. ಕೋಣೆಯ ಬಾಗಿಲು ಹಾಕಿಕೊಂಡು ಏನು ಉಡಬೇಕು ಎಂಬುದು ಖಾಸಗಿ ಅಲ್ಲವಾದರೆ ಖಾಸಗಿ ಎಂಬ ಮಾತಿಗೆ ಅರ್ಥವೇ ಉಳಿಯುವುದಿಲ್ಲ.

ಕೊಡಗಿನವರಿಗೆ ಇದನ್ನು ವಿವರಿಸಬೇಕಾಗಿ ಬರುವುದೇ ವಿಚಿತ್ರ. ಪ್ರತಿ ವರ್ಷ ಮೇ ತಿಂಗಳಲ್ಲಿ ದೇವರಪುರದ ಕುಂಡೆ ಹಬ್ಬದಂದು ಜೇನುಕುರುಬ, ಬೆಟ್ಟಕುರುಬ, ಯರವ ಗಂಡಸರು ಸೀರೆ, ರವಿಕೆ, ನೈಟಿ ತೊಟ್ಟು, ಗೋಣಿಕೊಪ್ಪದ ಹೆದ್ದಾರಿಯಲ್ಲಿ ವಾಹನಗಳನ್ನು ನಿಲ್ಲಿಸಿ, ಬಾಯಿಗೆ ಬಂದಂತೆ ಬೈದು ಕಾಸು ವಸೂಲಿ ಮಾಡುತ್ತಾರೆ. ಬೇಟೆಗೆ ಕರೆತಂದ ತಮ್ಮನ್ನು ಕಾಡಿನಲ್ಲೇ ಬಿಟ್ಟು ಭದ್ರಕಾಳಿಯ ಹಿಂದೆ ಹೊರಟುಹೋದನೆಂದು ಅಯ್ಯಪ್ಪ ದೇವರನ್ನೇ ಬೈಯುವ ಈ ಹಬ್ಬಕ್ಕೆ ಅಂಗಡಿಯವರು ಚಿಲ್ಲರೆ ಸಿದ್ಧವಿಟ್ಟುಕೊಂಡು ಕಾಯುತ್ತಾರೆ, ಪೊಲೀಸರು ಸಂಚಾರ ನೋಡಿಕೊಳ್ಳುತ್ತಾರೆ. ಹಬ್ಬ ಹಬ್ಬವೇ, ಒಬ್ಬನ ಖಾಸಗಿ ಒಲವಿಗೆ ಅದು ಪರವಾನಗಿ ಅಲ್ಲ ಎನ್ನುವವರಿದ್ದಾರೆ, ಆ ಮಾತು ಒಪ್ಪತಕ್ಕದ್ದೇ; ಆದರೆ ನಡುರಸ್ತೆಯಲ್ಲಿ ಅಪರಾಧವಾಗದ ಸೀರೆ ಪೊಟ್ಟಣದೊಳಗೆ ಅಪರಾಧವಾಗುತ್ತದೆ ಎಂದು ನಂಬಲು ಎಂಥ ತರ್ಕಶಾಸ್ತ್ರ ಬೇಕು?

ಈ ನಂಬಿಕೆಗಳು ಬರಿಯ ಮೌಢ್ಯವಾಗಿ ಉಳಿದಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಯಾರೋ ಹೇಳಿದ ಸಲಹೆಯನ್ನು ಪರೀಕ್ಷಿಸದೆ ನಂಬುವ ಮನಸ್ಸು, ಯಾರೋ ಮಾಡಿದ ಕರೆಯನ್ನೂ ಪರೀಕ್ಷಿಸದೆ ನಂಬುತ್ತದೆ. ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ ಎಂದು ಪೊಲೀಸ್ ವೇಷದಲ್ಲಿ ವಿಡಿಯೊ ಕರೆ ಮಾಡಿ, ಡಿಜಿಟಲ್ ಅರೆಸ್ಟ್ ಎಂಬ, ಯಾವ ಕಾನೂನಿನಲ್ಲೂ ಇಲ್ಲದ ಬಂಧನದಲ್ಲಿ ಕೂರಿಸಿ ಹಣ ಕೀಳುವ ವಂಚನೆ ಎಷ್ಟು ಹಬ್ಬಿತೆಂದರೆ, 2024ರ ಅಕ್ಟೋಬರ್ 27ರ ಮನ್ ಕೀ ಬಾತ್‌ನಲ್ಲಿ ಪ್ರಧಾನಿ ಅದನ್ನೇ ಎತ್ತಿಕೊಂಡು ಎಚ್ಚರಿಸಿದರು, ಅಲ್ಲಿ ಕೇಳಿಸಿದ ಧ್ವನಿಮುದ್ರಣ ವಿಜಯಪುರದ ವ್ಯಕ್ತಿಯೊಬ್ಬರದು. ಏನೂ ಮುಚ್ಚಿಡದವರೇ ಹೀಗೆ ಬೆದರುವಾಗ, ಬೀರುವಿನ ಅಡಿಯಲ್ಲಿ ಎರಡು ಸೀರೆ ಮುಚ್ಚಿಟ್ಟವನು, ನಿಮ್ಮ ಆರ್ಡರ್‌ಗಳ ಪಟ್ಟಿ ನಮ್ಮಲ್ಲಿದೆ, ಮನೆಯವರಿಗೆ ಕಳುಹಿಸುತ್ತೇವೆ ಎಂಬ ಕರೆಗೆ ಕುಸಿಯುವುದು ಸಹಜ, ಅದೂ ತನ್ನದೇ ಅಪರಾಧವೆಂದು ಮೊದಲೇ ನಂಬಿದ್ದರೆ. ಅಂಥ ಕರೆಯಲ್ಲಿ ಅಪರಾಧಿ ಕರೆ ಮಾಡಿದವನು: ಭಯ ಹುಟ್ಟಿಸಿ ಹಣ ಕೀಳುವುದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 308ನೇ ಪ್ರಕರಣದಡಿ ಸುಲಿಗೆಯಾಗುತ್ತದೆ. ಹಣ ಕೊಡದೆ, ಸಂದೇಶಗಳನ್ನು ಅಳಿಸದೆ ಇಟ್ಟುಕೊಂಡು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡುವುದು ಅಲ್ಲಿನ ಕ್ರಮ. ದೂರಿನಲ್ಲಿ ಬೇಕಾಗುವುದು ಬೆದರಿಕೆಯ ಮಾತು, ಕೇಳಿದ ಮೊತ್ತ, ಕರೆ ಬಂದ ಸಂಖ್ಯೆ ಮತ್ತು ಸಮಯ, ಆ ಬಟ್ಟೆಯನ್ನು ಯಾರಿಗಾಗಿ ಕೊಂಡದ್ದು ಎಂಬ ವಿವರಣೆಯಲ್ಲ.