ಗಣಕ ಪರೀಕ್ಷೆಗೆ ಅಣಿಯಾಗುವುದು

‘ಪರೀಕ್ಷೆ’ ಎಂಬ ಮಾತು ಸಂಸ್ಕೃತದಿಂದ ನಮಗೆ ಬಂದದ್ದು. ‘ಪರಿ’ ಎಂದರೆ ಸುತ್ತಲೂ, ‘ಈಕ್ಷೆ’ ಎಂದರೆ ನೋಟ. ಒಂದು ವಸ್ತುವನ್ನು ಎಲ್ಲ ಕಡೆಯಿಂದಲೂ ತಿರುಗಿಸಿ ನೋಡುವುದೇ ಪರೀಕ್ಷೆ. ಅಕ್ಕಸಾಲಿಗನು ಚಿನ್ನವನ್ನು ಒರೆಗಲ್ಲಿಗೆ ತಿಕ್ಕಿ ನೋಡುತ್ತಾನಲ್ಲ, ಆ ಬಗೆಯ ನೋಟ. ನಮ್ಮ ಶಾಲೆ ಕಾಲೇಜುಗಳಲ್ಲಿ ಈ ಅರ್ಥ ಬಹಳ ಸವೆದುಹೋಗಿದೆ. ವರ್ಷವಿಡೀ ಬರೆಸಿದ ಟಿಪ್ಪಣಿಯನ್ನು ಮೂರು ಗಂಟೆಗಳಲ್ಲಿ ಮರಳಿ ಒಪ್ಪಿಸುವುದಕ್ಕೇ ಪರೀಕ್ಷೆಯೆಂದು ಹೆಸರಾಗಿದೆ.

ಕನ್ನಡ ಪಾಠ ಹೇಳಿ ನಿವೃತ್ತನಾದವನು ಗಣಕ ವಿಜ್ಞಾನದ ಪರೀಕ್ಷೆಯ ವಿಷಯವಾಗಿ ಮಾತನಾಡುವುದೇಕೆಂದು ತಾವು ಕೇಳಬಹುದು. ಕಾರಣ ಸರಳವಾಗಿದೆ. ಇಂದು ನಮ್ಮ ಊರುಗಳ ಬೀದಿ ಬೀದಿಯಲ್ಲಿ ಬಿ.ಇ. ಮುಗಿಸಿ, ಸರ್ಕಾರಿ ವಲಯದ ಗಣಕ ಹುದ್ದೆಯೊಂದಕ್ಕಾಗಿ ಓದುತ್ತ ಕುಳಿತ ಮಕ್ಕಳಿದ್ದಾರೆ. ಅವರು ಏನನ್ನು ಓದುತ್ತಿದ್ದಾರೆಂಬುದು ಮನೆಯ ಹಿರಿಯರಿಗೆ ತಿಳಿಯದು. “ಎಷ್ಟು ದಿನ ಹೀಗೆ ಓದುವುದು?” ಎಂಬ ಒಂದೇ ಪ್ರಶ್ನೆ ಅವರಲ್ಲಿ ಉಳಿದಿರುತ್ತದೆ. ಓದುವವರಿಗೂ ಹಿರಿಯರಿಗೂ ನಡುವೆ ಬೆಳೆಯುವ ಈ ಮೌನವೇ ಎಷ್ಟೋ ಮನೆಗಳಲ್ಲಿ ಪರೀಕ್ಷೆಗಿಂತ ದೊಡ್ಡ ಕಷ್ಟವಾಗಿದೆ. ಆದ್ದರಿಂದ ಈ ಸಿದ್ಧತೆ ಎಂದರೇನು ಎಂಬುದನ್ನು ನನಗೆ ತಿಳಿದಷ್ಟು ಬಿಡಿಸಿ ಹೇಳುವುದು ಇಂದಿನ ಉದ್ದೇಶ.

ಉದಾಹರಣೆಗೆ ‘ಗೇಟ್’ ಪರೀಕ್ಷೆಯನ್ನೇ ತೆಗೆದುಕೊಳ್ಳೋಣ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಮುಂಬಯಿ, ದೆಹಲಿ, ಗುವಾಹಟಿ, ಕಾನ್ಪುರ, ಖರಗ್‌ಪುರ, ಮದ್ರಾಸ್, ರೂರ್ಕಿಗಳ ಐಐಟಿಗಳೂ ಸರದಿಯ ಮೇಲೆ ಇದನ್ನು ನಡೆಸುತ್ತವೆ. 2024ರ ಸರದಿ ನಮ್ಮ ಬೆಂಗಳೂರಿನದಾಗಿತ್ತು. ಇದು ಮೂಲತಃ ಎಂ.ಟೆಕ್. ಪ್ರವೇಶಕ್ಕಾಗಿ ಹುಟ್ಟಿದ್ದಾದರೂ, ಇದರ ಅಂಕಗಳನ್ನು ಆಧರಿಸಿ ಪವರ್ ಗ್ರಿಡ್‌ನಂತಹ ಸಾರ್ವಜನಿಕ ಉದ್ದಿಮೆಗಳು ಎಂಜಿನಿಯರುಗಳನ್ನು ಆರಿಸಿಕೊಳ್ಳುತ್ತವೆ. ಹೀಗಾಗಿ ಇದು ಕೆಲಸದ ಹೆಬ್ಬಾಗಿಲೂ ಆಗಿದೆ. ಒಮ್ಮೆ ಪಡೆದ ಅಂಕಕ್ಕೆ ಮೂರು ವರ್ಷಗಳ ಬೆಲೆಯುಂಟು.

ಗಣಕ ವಿಜ್ಞಾನ ಮತ್ತು ಮಾಹಿತಿ ತಂತ್ರಜ್ಞಾನದ ಪತ್ರಿಕೆಯಲ್ಲಿ 65 ಪ್ರಶ್ನೆಗಳು, 100 ಅಂಕಗಳು, ಮೂರು ಗಂಟೆಗಳ ಅವಧಿ. ಲೆಕ್ಕ ಹಾಕಿದರೆ ಒಂದು ಅಂಕಕ್ಕೆ ಎರಡು ನಿಮಿಷವೂ ಪೂರ್ತಿ ದೊರೆಯುವುದಿಲ್ಲ. 15 ಅಂಕ ಸಾಮಾನ್ಯ ಸಾಮರ್ಥ್ಯಕ್ಕೆ, 13 ಅಂಕ ಗಣಿತಕ್ಕೆ, 72 ಅಂಕ ಗಣಕ ಶಾಸ್ತ್ರಕ್ಕೆ ಮೀಸಲು. ಬರೆಯುವುದು ಗಣಕದ ಪರದೆಯ ಮೇಲೆಯೇ. ಗುಣಾಕಾರ ಭಾಗಾಕಾರಗಳಿಗೆ ಬೇಕಾದ ಕ್ಯಾಲ್ಕುಲೇಟರ್ ಕೂಡ ಪರದೆಯಲ್ಲೇ ಇರುತ್ತದೆ, ಕೈಯಲ್ಲಿ ಒಯ್ಯುವಂತಿಲ್ಲ.

ಪ್ರಶ್ನೆಗಳಲ್ಲಿ ಮೂರು ಬಗೆ. ನಾಲ್ಕು ಉತ್ತರಗಳಲ್ಲಿ ಸರಿಯಾದ ಒಂದನ್ನು ಆರಿಸುವುದು ಮೊದಲನೆಯದು. ನಾಲ್ಕರಲ್ಲಿ ಸರಿಯಾದವು ಎಷ್ಟಿದ್ದರೂ ಅಷ್ಟನ್ನೂ ಗುರುತಿಸುವುದು ಎರಡನೆಯದು. ಇದು 2021ರಲ್ಲಿ ಬಂದದ್ದು. ಒಂದನ್ನು ಬಿಟ್ಟರೂ ಅಂಕವಿಲ್ಲ. ಮೂರನೆಯದರಲ್ಲಿ ಆರಿಸಲು ಉತ್ತರಗಳೇ ಇರುವುದಿಲ್ಲ. ಲೆಕ್ಕ ಮಾಡಿ ಬಂದ ಸಂಖ್ಯೆಯನ್ನು ತಾನೇ ನಮೂದಿಸಬೇಕು.

ಮೊದಲನೆಯ ಬಗೆಯಲ್ಲಿ ತಪ್ಪು ಉತ್ತರಕ್ಕೆ ದಂಡವುಂಟು. ಒಂದು ಅಂಕದ ಪ್ರಶ್ನೆ ತಪ್ಪಿದರೆ ಮೂರನೆಯ ಒಂದು ಅಂಶ ಕಳೆಯುತ್ತಾರೆ. ಈ ದಂಡದ ಹಿಂದಿರುವ ನ್ಯಾಯವನ್ನು ಗಮನಿಸಬೇಕು. ಏನೂ ತಿಳಿಯದವನು ಕಣ್ಣುಮುಚ್ಚಿ ಅಂತಹ ನಾಲ್ಕು ಪ್ರಶ್ನೆಗಳಿಗೆ ಗುರುತು ಹಾಕಿದನೆನ್ನಿ. ಸರಾಸರಿಯಲ್ಲಿ ಒಂದು ಸರಿ ಹೋಗಿ ಒಂದು ಅಂಕ ಬಂದೀತು, ಮೂರು ತಪ್ಪಿ ಅದೇ ಒಂದು ಅಂಕ ಹೋದೀತು. ನಿಂತದ್ದು ಸೊನ್ನೆ. ಆದರೆ ನಾಲ್ಕರಲ್ಲಿ ಒಂದು ಉತ್ತರ ಖಂಡಿತವಾಗಿ ತಪ್ಪೆಂದು ಕಾರಣಸಹಿತ ಬಲ್ಲವನು ಉಳಿದ ಮೂರರಲ್ಲಿ ಒಂದನ್ನು ಆರಿಸಿದರೆ, ಪ್ರಶ್ನೆಯೊಂದಕ್ಕೆ ಸರಾಸರಿ ಒಂಬತ್ತನೆಯ ಒಂದು ಅಂಶ ಅಂಕ ಉಳಿಯುತ್ತದೆ. ಕುರುಡು ಊಹೆಗೆ ಬೆಲೆಯಿಲ್ಲ, ಅರೆತಿಳಿವಿಗೆ ಅದಕ್ಕೆ ತಕ್ಕಷ್ಟು ಬೆಲೆ. ತನಗೆ ತಿಳಿದದ್ದೆಷ್ಟು, ತಿಳಿಯದ್ದೆಷ್ಟು ಎಂಬುದನ್ನು ತಾನೇ ಅಳೆದುಕೊಳ್ಳಬಲ್ಲವನನ್ನು ಈ ಪರೀಕ್ಷೆ ಹುಡುಕುತ್ತದೆ.

ಇನ್ನು ಓದಬೇಕಾದ ವಿಷಯಗಳು. ಗಣಿತ, ಅಂಕೀಯ ತರ್ಕ, ಗಣಕದ ರಚನೆ, ಪ್ರೋಗ್ರಾಮಿಂಗ್ ಮತ್ತು ದತ್ತಾಂಶ ವಿನ್ಯಾಸ, ಆಲ್ಗಾರಿದಮ್, ಗಣನೆಯ ಸಿದ್ಧಾಂತ, ಕಂಪೈಲರ್, ಆಪರೇಟಿಂಗ್ ಸಿಸ್ಟಮ್, ಡೇಟಾಬೇಸ್, ನೆಟ್‌ವರ್ಕ್ ಎಂದು ಹತ್ತು ಭಾಗಗಳಿವೆ. ಪಟ್ಟಿ ಕಂಡು ಗಾಬರಿಯಾಗುವುದು ಸಹಜ. ಆದರೆ ಇವುಗಳಲ್ಲಿ ಅನೇಕ ಸಂಗತಿಗಳು ನಮ್ಮ ಅಂಗಳದಲ್ಲಿಯೇ ನಡೆಯತಕ್ಕವು.

ಆಪರೇಟಿಂಗ್ ಸಿಸ್ಟಮಿನಲ್ಲಿ ‘ಡೆಡ್‌ಲಾಕ್’ ಎಂಬ ಪ್ರಕರಣವೊಂದಿದೆ. ಒಂದು ಬಾವಿ, ಒಂದೇ ಹಗ್ಗ, ಒಂದೇ ಕೊಡ. ಇಬ್ಬರು ನೀರಿಗೆ ಬರುತ್ತಾರೆ. ಒಬ್ಬಳು ಹಗ್ಗ ಹಿಡಿದು ಕೊಡಕ್ಕಾಗಿ ಕಾಯುತ್ತಾಳೆ, ಇನ್ನೊಬ್ಬಳು ಕೊಡ ಹಿಡಿದು ಹಗ್ಗಕ್ಕಾಗಿ ಕಾಯುತ್ತಾಳೆ. ಸಂಜೆಯಾದರೂ ಇಬ್ಬರಿಗೂ ನೀರಿಲ್ಲ. ಗಣಕದೊಳಗಿನ ಕೆಲಸಗಳೂ ಹೀಗೆಯೇ ಒಂದನ್ನೊಂದು ಕಾಯುತ್ತ ನಿಂತುಬಿಡುತ್ತವೆ. 1971ರಲ್ಲಿ ಕಾಫ್‌ಮನ್ ಮತ್ತು ಅವರ ಇಬ್ಬರು ಸಂಗಡಿಗರು ಇದಕ್ಕೆ ನಾಲ್ಕು ಕಾರಣಗಳು ಒಟ್ಟಿಗೆ ಕೂಡಬೇಕೆಂದು ಹೇಳಿದರು. ವಸ್ತು ಒಮ್ಮೆಗೆ ಒಬ್ಬರಿಗೇ ಸಲ್ಲುವಂಥದಾಗಿರಬೇಕು. ಒಂದನ್ನು ಹಿಡಿದುಕೊಂಡೇ ಇನ್ನೊಂದಕ್ಕೆ ಕಾಯಬೇಕು. ಯಾರಿಂದಲೂ ಕಿತ್ತುಕೊಳ್ಳುವಂತಿರಬಾರದು. ಕಾಯುವಿಕೆ ಸುತ್ತಿ ಬಂದು ಬಳೆಯಂತಾಗಬೇಕು. ಈ ನಾಲ್ಕರಲ್ಲಿ ಒಂದನ್ನು ಮುರಿದರೂ ಸಾಕು. “ಯಾರೇ ಬರಲಿ, ಮೊದಲು ಹಗ್ಗ ಹಿಡಿಯಬೇಕು, ಅನಂತರವೇ ಕೊಡ” ಎಂದು ಕಟ್ಟಳೆ ಮಾಡಿದರೆ ಬಳೆ ಒಡೆಯಿತು. ನಾಲ್ಕು ಹೆಸರುಗಳನ್ನು ಉರು ಹೊಡೆದವನಿಗೆ ಕಾಲೇಜಿನ ಪರೀಕ್ಷೆಯಲ್ಲಿ ನಾಲ್ಕು ಅಂಕ ದೊರೆತೀತು. ಈ ಪರೀಕ್ಷೆಯಲ್ಲಿಯಾದರೋ, ಐದು ಜನ, ಏಳು ವಸ್ತುಗಳ ಹೊಸ ಬಾವಿಯೊಂದನ್ನು ಎದುರಿಗಿಟ್ಟು, “ಇಲ್ಲಿ ಬಳೆ ಕೂಡುವುದೋ ಇಲ್ಲವೋ, ಹೇಳು” ಎನ್ನುತ್ತಾರೆ.

ನಮ್ಮ ಮನೆಯ ಮೇಲಂತಸ್ತಿನಲ್ಲಿ ಬಾಡಿಗೆಗಿರುವ ಕುಟುಂಬದ ಹುಡುಗಿಯೊಬ್ಬಳು ಹೀಗೆ ಓದುತ್ತಿದ್ದಾಳೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ. ಆ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಅವಳೇ ಮೊದಲಿಗಳು. ತಂದೆ ಒಂದು ವರ್ಷದ ಗಡುವು ಕೊಟ್ಟಿದ್ದಾರೆ. ಒಂದು ಸಂಜೆ ಅವಳು, “ಮೇಷ್ಟ್ರೇ, ಪುಸ್ತಕದಲ್ಲಿ ಉತ್ತರ ಓದಿದಾಗ ಎಲ್ಲ ತಿಳಿಯುತ್ತೆ. ಹಾಳೆ ಮಗುಚಿ ನಾನೇ ಬಿಡಿಸೋಕೆ ಹೋದ್ರೆ ಕೈ ಓಡೋದಿಲ್ಲ” ಎಂದಳು. ಅವಳು ತೋರಿಸಿದ ಲೆಕ್ಕ ಇದು: ಹತ್ತು ಮೆಟ್ಟಿಲುಗಳಿವೆ. ಒಂದು ಸಲಕ್ಕೆ ಒಂದು ಮೆಟ್ಟಿಲನ್ನಾಗಲಿ ಎರಡನ್ನಾಗಲಿ ಏರಬಹುದು. ಒಟ್ಟು ಎಷ್ಟು ಬಗೆಯಲ್ಲಿ ಮೇಲೆ ಮುಟ್ಟಬಹುದು?

ಓದುತ್ತಿದ್ದಂತೆ ನನಗೆ ನಗು ಬಂತು. ಇದು ನಮ್ಮ ಛಂದಸ್ಸು! ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಕಂದಪದ್ಯದ ನಾಲ್ಕು ಮಾತ್ರೆಯ ಗಣ ಎಷ್ಟು ಬಗೆ? ಗುರು ಗುರು, ಗುರು ಲಘು ಲಘು, ಲಘು ಗುರು ಲಘು, ಲಘು ಲಘು ಗುರು, ನಾಲ್ಕೂ ಲಘು. ಒಟ್ಟು ಐದು. “ಉತ್ತರವನ್ನು ಮುಚ್ಚಿಡಮ್ಮ. ಹತ್ತು ಮೆಟ್ಟಿಲು ಬೇಡ, ಐದನ್ನು ನೋಡು. ಕೊನೆಯ ಅಕ್ಷರ ಏನಾಗಿರಬಹುದು?” ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಕೊನೆಯದು ಲಘುವಾದರೆ ಹಿಂದೆ ಉಳಿದದ್ದು ನಾಲ್ಕು ಮಾತ್ರೆ, ಐದು ಬಗೆ. ಗುರುವಾದರೆ ಉಳಿದದ್ದು ಮೂರು ಮಾತ್ರೆ, ಮೂರು ಬಗೆ. ಕೂಡಿದರೆ ಎಂಟು. ಅಲ್ಲಿಂದ ಅವಳ ಕೈ ತಾನಾಗಿ ಓಡಿತು: 1, 2, 3, 5, 8, 13, 21, 34, 55, 89. ಹತ್ತು ಮೆಟ್ಟಿಲಿಗೆ 89 ಬಗೆ. ಇಟಲಿಯ ಫಿಬೊನಾಚಿ 1202ರಲ್ಲಿ ಬರೆದ ಈ ಸಂಖ್ಯಾಮಾಲೆಯನ್ನು ಅವನಿಗಿಂತ ಹಿಂದೆಯೇ ನಮ್ಮ ಛಂದಶ್ಶಾಸ್ತ್ರಜ್ಞರಾದ ವಿರಹಾಂಕ, ಹೇಮಚಂದ್ರರು ಮಾತ್ರೆಗಳನ್ನು ಎಣಿಸುತ್ತ ಕಂಡಿದ್ದರು.

ಆಮೇಲೆ ಪಾಠ ಹೇಳಿದವಳು ಅವಳು, ಕೇಳಿದವನು ನಾನು. ಮೂವತ್ತು ಮೆಟ್ಟಿಲುಗಳಿಗೆ ಇದೇ ಲೆಕ್ಕವನ್ನು ಮೇಲಿನಿಂದ ಕೆಳಕ್ಕೆ, ಪ್ರತಿಯೊಂದನ್ನೂ ಹೊಸದಾಗಿ ಎಣಿಸುತ್ತ ಹೋದರೆ ಗಣಕವು 8,32,039 ಸಲ ಕೂಡಬೇಕಾಗುತ್ತದಂತೆ. ಕೆಳಗಿನಿಂದ ಮೇಲಕ್ಕೆ, ಬಂದ ಉತ್ತರವನ್ನು ಬರೆದಿಟ್ಟುಕೊಳ್ಳುತ್ತ ಬಂದರೆ 28 ಸಲ ಸಾಕು. ಇದಕ್ಕೆ ‘ಡೈನಾಮಿಕ್ ಪ್ರೋಗ್ರಾಮಿಂಗ್’ ಎಂದು ಹೆಸರು. ಚಿಕ್ಕದನ್ನು ಬಿಡಿಸಿಕೊ, ಬಿಡಿಸಿದ್ದನ್ನು ಬರೆದಿಡು, ಅದರ ಮೇಲೆ ದೊಡ್ಡದನ್ನು ಕಟ್ಟು. ಪರೀಕ್ಷೆಯ ಸಿದ್ಧತೆಗೂ ಇದಕ್ಕಿಂತ ಒಳ್ಳೆಯ ಸೂತ್ರವನ್ನು ನಾನು ಕಾಣೆ.

ವ್ಯಾಕರಣದ ಮಾತಿಗೂ ಇಲ್ಲಿ ಎಡೆಯುಂಟು. ಕಂಪೈಲರ್ ಎಂಬುದು ಮನುಷ್ಯ ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ಸಾಧನ. ಅದಕ್ಕೆ ಬೇಕಾದ ವ್ಯಾಕರಣವನ್ನು ಬರೆಯುವ ಒಂದು ಕ್ರಮವನ್ನು ಬ್ಯಾಕಸ್ 1959ರಲ್ಲಿ ಮುಂದಿಟ್ಟರು. ಸುಮಾರು ನಾಲ್ಕು ಸಾವಿರ ಸೂತ್ರಗಳಲ್ಲಿ ಸಂಸ್ಕೃತವನ್ನು ಕಟ್ಟಿಕೊಟ್ಟ ಪಾಣಿನಿಯ ಕ್ರಮವೂ ಇದೂ ಹೋಲುವುದನ್ನು ಕಂಡು, ಇದನ್ನು ‘ಪಾಣಿನಿ-ಬ್ಯಾಕಸ್ ರೂಪ’ ಎಂದು ಕರೆಯಬೇಕೆಂದು ಇಂಗರ್‌ಮನ್ ಎಂಬುವರು 1967ರಲ್ಲಿ ಸೂಚಿಸಿದರು. ಇದನ್ನು ಹೇಳಿದ್ದು ನಮ್ಮವರೆಲ್ಲ ಮೊದಲೇ ಗಣಕವನ್ನು ಬಲ್ಲವರಾಗಿದ್ದರೆಂದು ಬೀಗುವುದಕ್ಕಲ್ಲ. ಸೂತ್ರದಿಂದ ರೂಪವನ್ನು ಸಾಧಿಸುವ ಶಿಸ್ತು ನಮಗೆ ಪರಕೀಯವಲ್ಲ ಎಂಬಷ್ಟೇ ನನ್ನ ಅಭಿಪ್ರಾಯ. ಹದಿಮೂರನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ದ ಒಂದು ಸಂಧಿಸೂತ್ರವನ್ನು ಹಿಡಿದು ಹತ್ತು ಪದಗಳನ್ನು ಬಿಡಿಸಿದ ವಿದ್ಯಾರ್ಥಿ ಆ ಶಿಸ್ತನ್ನು ಆಗಲೇ ಕಂಡಿರುತ್ತಾನೆ.

ಕನ್ನಡ ಮಾಧ್ಯಮದಿಂದ ಬಂದವರ ದೊಡ್ಡ ಅಳುಕು ಇಂಗ್ಲಿಷಿನದು. ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲಿಯೇ ಇರುತ್ತದೆ, ಅದನ್ನು ತಪ್ಪಿಸುವಂತಿಲ್ಲ. ಆದರೆ ಅಲ್ಲಿ ಪ್ರಬಂಧ ಬರೆಯಬೇಕಾಗಿಲ್ಲ, ಪ್ರಶ್ನೆಯನ್ನು ತಪ್ಪಿಲ್ಲದೆ ಓದಿಕೊಳ್ಳಬೇಕು. ‘ಕನಿಷ್ಠ ಎಷ್ಟು’, ‘ಹೆಚ್ಚೆಂದರೆ ಎಷ್ಟು’, ‘ಯಾವುದು ಸರಿಯಲ್ಲ’ ಎಂಬಂತಹ ಒಂದೊಂದು ಮಾತಿನ ಮೇಲೆ ಉತ್ತರ ನಿಂತಿರುತ್ತದೆ. ಪಾರಿಭಾಷಿಕ ಪದಗಳನ್ನು ಇಂಗ್ಲಿಷಿನಲ್ಲಿಯೇ ಉಳಿಸಿಕೊಂಡು, ವಿಚಾರವನ್ನು ತನ್ನ ಭಾಷೆಯಲ್ಲಿ ತನಗೇ ಹೇಳಿಕೊಳ್ಳುವುದು ಒಳ್ಳೆಯದು. ಕನ್ನಡದಲ್ಲಿ ಹೇಳಿಕೊಳ್ಳಲು ಬಾರದಿದ್ದರೆ ಇನ್ನೂ ತಿಳಿದಿಲ್ಲವೆಂದೇ ಅರ್ಥ.

ಓದುವ ಕ್ರಮದ ಬಗೆಗೆ ಕೆಲವು ಮಾತುಗಳು. ಪರೀಕ್ಷೆ ಫೆಬ್ರವರಿಯಲ್ಲಿ ನಡೆಯುತ್ತದೆ. ಪದವಿಯ ಮೂರನೆಯ ವರ್ಷದಿಂದಲೇ ಬರೆಯಲು ಅವಕಾಶವಿರುವುದರಿಂದ ಪದವಿ ಮುಗಿಯುವವರೆಗೆ ಕಾಯಬೇಕಾಗಿಲ್ಲ. ಗಣಿತ ಮತ್ತು ಪ್ರೋಗ್ರಾಮಿಂಗ್ ಮೊದಲು, ಉಳಿದವು ಅವುಗಳ ಹೆಗಲ ಮೇಲೆ ನಿಲ್ಲುತ್ತವೆ. ‘ಸಿ’ ಭಾಷೆಯ ಪ್ರೋಗ್ರಾಮನ್ನು ಯಂತ್ರಕ್ಕೆ ಕೊಡುವ ಮೊದಲು ಕಾಗದದ ಮೇಲೆ ಸಾಲು ಸಾಲಾಗಿ ನಡೆಸಿ ನೋಡಬೇಕು. ಪ್ರತಿ ಅಧ್ಯಾಯ ಮುಗಿದೊಡನೆ ಹಿಂದಿನ ವರ್ಷಗಳ ಪ್ರಶ್ನೆಗಳನ್ನು, ಉತ್ತರವನ್ನು ಮುಚ್ಚಿಟ್ಟು, ಬಿಡಿಸಬೇಕು. ತಪ್ಪಿದ್ದಕ್ಕೆ ಬೇರೆಯೊಂದು ಪುಸ್ತಕವಿರಲಿ. ಅದರಲ್ಲಿ ಸರಿಯುತ್ತರದ ಜೊತೆಗೆ ತಾನು ಎಲ್ಲಿ ದಾರಿ ತಪ್ಪಿದೆನೆಂಬುದನ್ನೂ ಬರೆಯಬೇಕು. ಕೊನೆಯ ಎರಡು ತಿಂಗಳುಗಳಲ್ಲಿ ವಾರಕ್ಕೊಮ್ಮೆಯಾದರೂ ಮೂರು ಗಂಟೆ ಎದ್ದೇಳದೆ ಕುಳಿತು ಪೂರ್ಣ ಪತ್ರಿಕೆಯನ್ನು ಮಾಡಬೇಕು. ದುಬಾರಿ ತರಬೇತಿ ಇಲ್ಲದೆ ಇದು ಆಗದೆಂಬುದು ಸರಿಯಲ್ಲ. ಐಐಟಿಗಳೂ ಭಾರತೀಯ ವಿಜ್ಞಾನ ಸಂಸ್ಥೆಯೂ 2003ರಲ್ಲಿ ಆರಂಭಿಸಿದ ‘ಎನ್‌ಪಿಟೆಲ್’ ಯೋಜನೆಯ ಪಾಠಗಳನ್ನು ಯಾರು ಬೇಕಾದರೂ ಹಣವಿಲ್ಲದೆ ಕೇಳಬಹುದು.

ಎಲ್ಲರಿಗೂ ಹುದ್ದೆ ದೊರೆಯುವುದಿಲ್ಲ. ಇದನ್ನು ಮುಚ್ಚಿಟ್ಟು ಧೈರ್ಯ ಹೇಳುವುದು ನ್ಯಾಯವಲ್ಲ. ನೇಮಕ ಮಾಡುವ ಸಂಸ್ಥೆಗಳು ವಯಸ್ಸಿನ ಮಿತಿಯನ್ನೂ ಇಟ್ಟಿರುತ್ತವೆ. ಆದ್ದರಿಂದ ಎಷ್ಟು ಸಲ ಬರೆಯುವುದು, ಅಲ್ಲಿಯವರೆಗೆ ಮನೆಯ ಖರ್ಚಿಗೇನು ಎಂಬುದನ್ನು ಮೊದಲೇ ತಂದೆತಾಯಿಗಳೂ ಮಕ್ಕಳೂ ಎದುರುಬದುರು ಕುಳಿತು ಮಾತನಾಡಿಕೊಳ್ಳಬೇಕು. ಈ ಓದು ಮಾತ್ರ ವ್ಯರ್ಥವಾಗದು. ಖಾಸಗಿ ಕಂಪನಿಗಳ ಸಂದರ್ಶನದಲ್ಲಿಯೂ ಕೇಳುವುದು ಬಹುಮಟ್ಟಿಗೆ ಇವೇ ಮೂಲ ಸಂಗತಿಗಳನ್ನು.

ಹಿರಿಯರಲ್ಲಿ ನನ್ನದೊಂದು ಬಿನ್ನಹ. “ಇಂದು ಎಷ್ಟು ಗಂಟೆ ಓದಿದೆ?” ಎಂದು ಕೇಳಬೇಡಿ. “ಇಂದು ಯಾವುದನ್ನು ಬಿಡಿಸಿದೆ? ನನಗೂ ತಿಳಿಯುವ ಹಾಗೆ ಹೇಳು” ಎಂದು ಕೇಳಿ. ಗಣಕ ಬಾರದ ತಾಯಿಗೆ ಡೆಡ್‌ಲಾಕನ್ನು ತಿಳಿಯಹೇಳಬಲ್ಲ ಮಗಳಿಗೆ ಪರೀಕ್ಷೆಯ ಕೋಣೆಯಲ್ಲಿ ಅದು ಮರೆಯುವುದಿಲ್ಲ. ಕೇಳುವುದಕ್ಕೆ ಅರ್ಧ ಗಂಟೆ ಸಾಕು, ರಾತ್ರಿಯ ಊಟವಾದ ಮೇಲೆ ಅಷ್ಟು ಬಿಡುವು ಎಲ್ಲರ ಮನೆಯಲ್ಲಿಯೂ ಇರುತ್ತದೆ.