ಗ್ರೀನ್‌ಲ್ಯಾಂಡ್‌ನ ನಾರ್ಸ್ ಜನ ಏನಾದರು?

ಪ್ರಶ್ನೆ: ಗ್ರೀನ್‌ಲ್ಯಾಂಡ್‌ನಲ್ಲಿ ನಾನ್ನೂರಕ್ಕೂ ಹೆಚ್ಚು ವರ್ಷ ಬಾಳಿದ ನಾರ್ಸ್ ಜನರ ನೆಲೆಗಳು ಏಕೆ ಅಳಿದವು? ಚಳಿಯೇ ಕಾರಣವೆ?

ಉತ್ತರ: ಚಳಿಯೊಂದೇ ಅಲ್ಲ. ಕ್ರಿ.ಶ. 985ರ ಸುಮಾರಿಗೆ ಎರಿಕ್ ದ ರೆಡ್ ಮುಂದಾಳತ್ವದಲ್ಲಿ ಐಸ್‌ಲ್ಯಾಂಡ್‌ನಿಂದ ಬಂದು ನೆಲೆಸಿದ ಇವರು ದನ, ಕುರಿ, ಆಡು ಸಾಕಿ ಬದುಕಿದರು. ಅವರ ಬಾಳು ಮೂರು ಕಲ್ಲಿನ ಒಲೆಯ ಮೇಲಿಟ್ಟ ಮಡಕೆಯಂತಿತ್ತು. ಹುಲ್ಲು, ವ್ಯಾಪಾರ, ಜನಬಲ ಆ ಮೂರು ಕಲ್ಲುಗಳು.

ಮೊದಲು ಅಲುಗಿದ್ದು ಹುಲ್ಲು. 13ನೇ ಶತಮಾನದ ನಂತರ ಚಳಿ ಹೆಚ್ಚಿ, ಬೇಸಿಗೆ ಮೊಟಕಾಯಿತು. ಚಳಿಗಾಲವಿಡೀ ಕೊಟ್ಟಿಗೆಯಲ್ಲಿರುವ ದನಗಳಿಗೆ ಒಣಹುಲ್ಲು ಸಾಲದಾಯಿತು. ಜನ ಸೀಲ್ ಬೇಟೆಯನ್ನು ಹೆಚ್ಚೆಚ್ಚು ನೆಚ್ಚಿಕೊಂಡರು. ಅವರ ಮೂಳೆಗಳ ಪರೀಕ್ಷೆಯಿಂದ ಇದು ತಿಳಿದಿದೆ.

ಎರಡನೆಯದು ವ್ಯಾಪಾರ. ವಾಲ್ರಸ್ ದಂತ ಕೊಟ್ಟು ಯುರೋಪಿನಿಂದ ಕಬ್ಬಿಣ ತರಿಸಿಕೊಳ್ಳುತ್ತಿದ್ದರು. ಯುರೋಪಿಗೆ ಆನೆದಂತ ಹೇರಳವಾಗಿ ಬಂದಾಗ ವಾಲ್ರಸ್ ದಂತದ ಬೇಡಿಕೆ ಕುಗ್ಗಿತು. 1349ರಲ್ಲಿ, ಅವರೊಡನೆ ವ್ಯಾಪಾರ ನಡೆಸುತ್ತಿದ್ದ ನಾರ್ವೆಗೆ ಪ್ಲೇಗ್ ಬಡಿಯಿತು. ಸಮುದ್ರದಲ್ಲಿ ಮಂಜುಗಡ್ಡೆಯೂ ಹೆಚ್ಚಿ ಹಡಗುಗಳು ಅಪರೂಪವಾದವು.

ಕೊನೆಯದು ಜನಬಲ. ಕೆಲವೇ ಸಾವಿರ ಮಂದಿಯಿದ್ದ ನೆಲೆಗಳಲ್ಲಿ ಸ್ವಲ್ಪ ಜನ ಕಡಿಮೆಯಾದರೂ ಬೇಟೆಗೆ, ಹುಲ್ಲಿನ ಕೊಯ್ಲಿಗೆ ಆಳು ಸಾಲದು. ಅವರ ಎರಡು ಮುಖ್ಯ ನೆಲೆಗಳಲ್ಲಿ ಪಶ್ಚಿಮದ್ದು 14ನೇ ಶತಮಾನದಲ್ಲಿ ಬರಿದಾಯಿತು. ಪೂರ್ವದ ನೆಲೆಯಿಂದ ಸಿಗುವ ಕೊನೆಯ ಲಿಖಿತ ಸುದ್ದಿ 1408ರಲ್ಲಿ ಹ್ವಾಲ್ಸೇ ಚರ್ಚಿನಲ್ಲಿ ನಡೆದ ಒಂದು ಮದುವೆಯದು.